ಲಾಲಾರಸ, ಜೊಲ್ಲು, ಉಗುಳು, ಎಂಜಲು: ಯಾವುದನ್ನು ಎಲ್ಲಿ ಬರೆಯಬೇಕು?

ಬಾಯಿಯ ನೀರಿಗೆ ಕನ್ನಡದಲ್ಲಿ ಒಂದೇ ಹೆಸರಿಲ್ಲ; ಅದು ಎಲ್ಲಿದೆ, ಹೇಗೆ ಹೊರಬಂತು, ಏನನ್ನು ತಾಕಿತು ಎಂಬುದರ ಮೇಲೆ ಹೆಸರು ಬದಲಾಗುತ್ತದೆ. ಆರೋಗ್ಯದ ಕರಪತ್ರವನ್ನೋ ಮಕ್ಕಳ ಪಾಠವನ್ನೋ ಬರೆಯುವವರು ನಿಘಂಟಿನ ಮೊದಲ ಪದವನ್ನು ಎತ್ತಿಕೊಳ್ಳುವ ಮುನ್ನ ಈ ಮೂರನ್ನೂ ಕೇಳಿಕೊಳ್ಳಬೇಕು.

ಬಾಯೊಳಗೇ ಇದ್ದು ತುತ್ತನ್ನು ನೆನೆಸುವ ರಸವಾದರೆ ‘ಲಾಲಾರಸ’ ಎನ್ನಿ. ಮುಖ್ಯವಾಗಿ ಮೂರು ಜೊತೆ ಗ್ರಂಥಿಗಳಿಂದ ದಿನಕ್ಕೆ ಸುಮಾರು 0.5ರಿಂದ 1.5 ಲೀಟರಿನಷ್ಟು ಊರುವ ಈ ರಸದಲ್ಲಿನ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದರಿಂದಲೇ, ಜೋಳದ ರೊಟ್ಟಿಯ ತುಣುಕನ್ನು ಬಹಳ ಹೊತ್ತು ಅಗಿದರೆ ಸಣ್ಣಗೆ ಸಿಹಿ ಹತ್ತುತ್ತದೆ. ಪಾಠದ ಹೊರಗೆ ಮಾತ್ರ ಈ ಪದ ಹೊಂದುವುದಿಲ್ಲ. ಹುಬ್ಬಳ್ಳಿಯಲ್ಲಿ ಮಿರ್ಚಿ ಭಜಿಯ ಬಂಡಿಯ ಮುಂದೆ ನಿಂತವನಿಗೆ ಲಾಲಾರಸ ಸ್ರವಿಸುವುದಿಲ್ಲ, ‘ಬಾಯಾಗ ನೀರ ಬರತಾವ’.

ತಡೆಯಿಲ್ಲದೆ ತುಟಿಯಂಚಿನಿಂದ ಇಳಿದದ್ದು ಜೊಲ್ಲು. ಹಲ್ಲು ಮೂಡುವ ಕೂಸಿನದೂ ಅದೇ, ರೇಬೀಸ್ ಹರಡುವ ಹುಚ್ಚುನಾಯಿಯದೂ ಅದೇ. ಇಲ್ಲಿ ಕಾಗುಣಿತದ ಎಚ್ಚರ ಬೇಕು: ‘ಜೊಳ್ಳು’ ಎಂದರೆ ಗಟ್ಟಿಕಾಳಿಲ್ಲದ ಪೊಳ್ಳು, ‘ನಾಯಿಯ ಜೊಳ್ಳು’ ಎಂದು ಅಚ್ಚಾದರೆ ಹಾವೇರಿಯ ರೈತ ನಕ್ಕಾನು.

ಬೇಕೆಂದೇ ಹೊರಹಾಕಿದ್ದು ಉಗುಳು. ‘ಉಗುಳು ನುಂಗಿದ’ ಎಂಬುದೊಂದೇ ಇದಕ್ಕೆ ಅಡ್ಡ ಬರುವ ಮಾತು, ಆದರೆ ರೂಢಿಯ ಮುಂದೆ ವಾದ ನಡೆಯುವುದಿಲ್ಲ.

ಎಂಜಲಿನ ಲೆಕ್ಕವೇ ಬೇರೆ. ತಮಿಳಿನ ಎಚ್ಚಿಲ್, ತೆಲುಗಿನ ಎಂಗಿಲಿಗಳ ಬಳಗದ ಈ ಪದವು ಉಗುಳಿಗೂ ಸಲ್ಲುತ್ತದೆಯಾದರೂ, ನಮ್ಮಲ್ಲಿ ಹೆಚ್ಚಾಗಿ ಹೇಳುವುದು ಬಾಯಿ ತಾಕಿದ ಪದಾರ್ಥದ ಸ್ಥಿತಿಯನ್ನು. ತಂಬಿಗೆಯನ್ನು ತುಟಿಗೆ ಹಚ್ಚಿದ ಮೊಮ್ಮಗನಿಗೆ ಧಾರವಾಡದ ಅಜ್ಜಿ ‘ಎತ್ತಿ ಕುಡಿಯೋ, ಎಂಜಲಾ ಮಾಡಬ್ಯಾಡ’ ಎನ್ನುವಾಗ ಅಲ್ಲಿ ಹನಿ ಉಗುಳೂ ಕಾಣಿಸದು. ಅದೇ ಹುಡುಗ ಪೇರಲಹಣ್ಣನ್ನು ಅಂಗಿಯ ಚುಂಗಿನಲ್ಲಿ ಸುತ್ತಿ, ಬಟ್ಟೆಯ ಮೇಲಿಂದಲೇ ಕಚ್ಚಿ ಗೆಳೆಯನಿಗೆ ಅರ್ಧ ಕೊಟ್ಟರೆ ಅದು ‘ಗುಬ್ಬಿ ಎಂಜಲು’, ಅಂದರೆ ಎಂಜಲಾಗದ ಎಂಜಲು! ಅನ್ನ ಮೆತ್ತಿದ ಪಾತ್ರೆಯ ಮುಸುರೆಯನ್ನು ಇದರೊಂದಿಗೆ ಬೆರೆಸಬೇಡಿ. ಮುಸುರೆಗೆ ಬಾಯಿ ತಾಕಿರಬೇಕಾಗಿಲ್ಲ.

ಕಫವನ್ನಂತೂ ಈ ಸಾಲಿಗೆ ಸೇರಿಸಲೇಬಾರದು. ಕ್ಷಯದ ಪರೀಕ್ಷೆಯ ಸೂಚನೆಯಲ್ಲಿ ‘ಉಗುಳು ತನ್ನಿ’ ಎಂದು ಬರೆದರೆ ರೋಗಿಯು ಬಾಯಿಯ ನೀರನ್ನಷ್ಟೇ ಡಬ್ಬಿಗೆ ತುಂಬಿ ತಂದಾನು, ರೋಗವಿದ್ದರೂ ಅದರಲ್ಲಿ ಕಾಣದೆ ಹೋದೀತು. ಆದ್ದರಿಂದ ‘ಎದೆಯಾಳದಿಂದ ಕೆಮ್ಮಿ ತೆಗೆದ ಕಫ’ ಎಂದೇ ಬಿಡಿಸಿ ಬರೆಯಿರಿ.