ಸೈಕಲ್ ಟ್ಯೂಬು, ನೀಲಿ ಸೋಫಾ, ಗುಂಡನ ಕೂದಲು: ನನ್ನ ಅನುಭವ

ಮನೆಗೆ ಬಂದವರು ಸೋಫಾದ ಮೇಲೆ ಕೂರುವ ಮುಂಚೆ ಒಂದು ಕ್ಷಣ ನಿಲ್ಲುತ್ತಾರಲ್ಲ, ಅದು ನಾಯಿ ಸಾಕಿದವರಿಗೆಲ್ಲ ಗೊತ್ತು. ಬಾಯಲ್ಲಿ ‘ಪರವಾಗಿಲ್ಲ, ಪರವಾಗಿಲ್ಲ’ ಅನ್ನುತ್ತಾರೆ. ಆದರೆ ಸೀಟಿನ ತುದಿಯಲ್ಲಷ್ಟೇ ಕೂರುತ್ತಾರೆ. ನಮ್ಮ ಗುಂಡ ಹಳದಿ ಲ್ಯಾಬ್ರಡಾರ್. ಸೋಫಾ ಕಡುನೀಲಿ, ದಪ್ಪ ನೇಯ್ಗೆಯದು. ಆ ಬಣ್ಣ ಆರಿಸಿದ ಜಾಣ ನಾನೇ.

ಗುಂಡನಿಗೆ ಈಗ ಒಂಬತ್ತು ವರ್ಷ. ಅದರಲ್ಲಿ ಏಳು ವರ್ಷ, ಸೋಫಾಕ್ಕೆ ಹತ್ತುವ ಅವನ ಕೂದಲಿನ ಎದುರು ನಾನು ಸೋತವನೇ. ಗೆದ್ದಿದ್ದು ಈಚಿನ ಎರಡು ವರ್ಷದಲ್ಲಿ. ಅದನ್ನೂ ಮನೆಯಲ್ಲಿ ಯಾರೂ ನಂಬಿರಲಿಲ್ಲ.

ಮೊದಲು ಕಳೆದ ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಎದೆ ಹಗುರ ಆಗಲಿ. ಅಂಟಿನ ರೋಲರ್‌ನಿಂದ ಶುರು. ಕೂದಲು ಉದುರುವ ಕಾಲದಲ್ಲಿ ಅರವತ್ತು ಹಾಳೆಯ ಒಂದು ಸುರುಳಿ ಮೂರು ದಿನಕ್ಕೆ ಖಾಲಿ. ಹೆಂಡತಿ ಲೆಕ್ಕ ಹಾಕಿದಳು: ‘ರೀ, ಗುಂಡನ ಊಟಕ್ಕಿಂತ ಈ ಅಂಟಿಗೇ ಜಾಸ್ತಿ ಹೋಗ್ತಿದೆ.’ ಸುಳ್ಳಲ್ಲ. ಅಷ್ಟಾದರೂ ಅದು ಎತ್ತುತ್ತಿದ್ದದ್ದು ಮೇಲೆ ಸುಮ್ನೆ ಮಲಗಿದ್ದ ಕೂದಲನ್ನು ಮಾತ್ರ. ಬಟ್ಟೆಗೆ ಚುಚ್ಚಿಕೊಂಡದ್ದು ಅಲ್ಲೇ ಇರುತ್ತಿತ್ತು. ದುಡ್ಡು ಉಳಿಸೋಣ ಅಂತ ಅಗಲದ ಟೇಪ್ ಹಚ್ಚಿದೆ. ಅದು ಅಂಟನ್ನು ಬಟ್ಟೆಗೇ ಬಿಟ್ಟು ಬಂತು. ಆ ಜಾಗ ಆಮೇಲೆ ದೂಳನ್ನೂ ಕರೆದು ಕೂರಿಸಿಕೊಂಡಿತು.

ಆಮೇಲೆ ದೊಡ್ಡ ತಪ್ಪು. ಅರ್ಧ ತಿಂಗಳ ಸಂಬಳ ಕೊಟ್ಟು, ತಿರುಗುವ ಬ್ರಷ್ ಇರುವ ವ್ಯಾಕ್ಯೂಮ್ ಕ್ಲೀನರ್ ತಂದೆ. ಡಬ್ಬಿಯ ಮೇಲೆ ನಾಯಿಯ ಚಿತ್ರ ಇತ್ತು, ಮರುಳಾದೆ. ಎರಡನೇ ವಾರಕ್ಕೆ ಬ್ರಷ್ ನಿಂತಿತು, ಬೆಲ್ಟ್ ಸುಟ್ಟ ವಾಸನೆ. ರಿಪೇರಿಯವರು ಬಿಚ್ಚಿ, ಬ್ರಷ್ಷಿನ ಅಚ್ಚಿಗೆ ಸುತ್ತಿಕೊಂಡಿದ್ದ ಕೂದಲನ್ನು ಕತ್ತರಿಯಲ್ಲಿ ಕತ್ತರಿಸಿ ತೆಗೆದರು. ಹಗ್ಗದ ತುಂಡಿನ ಹಾಗಿತ್ತು. ಬ್ರಷ್ ಇಲ್ಲದೆ ಬರೀ ಕೊಳವೆ ಇಟ್ಟರೆ ಅದು ಬಟ್ಟೆಯನ್ನೇ ಹಿಡಿದುಕೊಳ್ಳುತ್ತಿತ್ತು, ಕೂದಲನ್ನಲ್ಲ.

‘ಚಿಕ್ಕ ಕೂದಲಿನ ನಾಯಿ, ಸುಲಭ ಬಿಡಿ’ ಅನ್ನುವವರು ಲ್ಯಾಬ್ ಸಾಕಿಲ್ಲ. ಉದ್ದ ಕೂದಲು ಬಟ್ಟೆಯ ಮೇಲೆ ಮಲಗುತ್ತದೆ, ಒಂದಕ್ಕೊಂದು ಸುತ್ತಿಕೊಂಡು ಉಂಡೆಯಾಗಿ ಸಿಗುತ್ತದೆ. ಲ್ಯಾಬ್‌ನ ಮೇಲ್ಗೂದಲು ಗಿಡ್ಡ, ಗಡಸು. ನಾಯಿ ಮಲಗಿ ಹೊರಳಿದಾಗ ಸೂಜಿಯ ಹಾಗೆ ನೇಯ್ಗೆಯೊಳಗೆ ಇಳಿಯುತ್ತದೆ. ಅದರ ಜೊತೆಗೆ ಒಳಗೂದಲು ಬೇರೆ, ಹತ್ತಿಯ ಹಾಗೆ ಮೆತ್ತಗೆ. ಗಡಸಿನದು ಮೊಳೆ, ಮೆತ್ತನೆಯದು ಅದಕ್ಕೆ ಸುತ್ತುವ ನೂಲು. ಇಂಥದ್ದನ್ನು ಮೇಲಿನಿಂದ ಎಳೆದು ಏನು ಪ್ರಯೋಜನ ಹೇಳಿ?

ಹಿಮ್ಮಡಿ ಉಜ್ಜುವ ಪ್ಯೂಮಿಸ್ ಕಲ್ಲಿನಲ್ಲಿ ಉಜ್ಜಿದ್ದೂ ಉಂಟು. ಕೂದಲು ಬಂತು, ಬಟ್ಟೆಯ ಎಳೆಯೂ ಬಂತು. ಸೋಫಾದ ಬಲಗಡೆ ಕೈಯ ಮೇಲೆ ಅಂಗೈಯಗಲ ಜಾಗ ಬೆಳ್ಳಗಾಗಿದೆ, ಇವತ್ತಿಗೂ ಅಲ್ಲೊಂದು ಕುಶನ್ ಕಾಯಂ. ಬಟ್ಟೆ ಒಗೆದ ಮೇಲೆ ಹಾಕುವ ಮೆತ್ತನೆಯ ದ್ರವವನ್ನು ನೀರಿಗೆ ಬೆರೆಸಿ ಸಿಂಪಡಿಸಿದೆ. ನಿಜ ಹೇಳಬೇಕು, ಅದು ಕೆಲಸ ಮಾಡಿತು. ಆದರೆ ಗುಂಡನಿಗೆ ಸೋಫಾ ನೆಕ್ಕುವ ಚಾಳಿ. ಎರಡೇ ಸಲಕ್ಕೆ ನಿಲ್ಲಿಸಿದೆ. ಯಾರೋ ಟೀ ಟ್ರೀ ಎಣ್ಣೆ ಎರಡು ಹನಿ ಹಾಕಿ, ವಾಸನೆಯೂ ಹೋಗುತ್ತದೆ ಅಂದರು. ಅದು ನಾಯಿಗೆ ವಿಷ. ಆ ಮಾತು ಯಾರಾದರೂ ಹೇಳಿದರೆ ಕೇಳಬೇಡಿ.

ಕುಶನ್ ಕವರುಗಳದ್ದು ಬೇರೆ ಗೋಳು. ಕೂದಲಿದ್ದ ಹಾಗೇ ಮಷೀನಿಗೆ ಹಾಕಿದೆ. ಒದ್ದೆಯಾದ ಕೂದಲು ಕಂಬಳಿಯ ಹಾಗೆ ಹೆಣೆದುಕೊಂಡು ನೀರು ಹೋಗುವ ದಾರಿಯ ಜಾಲರಿಗೆ ಕೂತಿತು. ಮಷೀನಿನಲ್ಲಿ ನೀರು ನಿಂತೇ ಹೋಯಿತು. ಈಗ ಒಗೆಯುವ ಮುಂಚೆ ಡ್ರೈಯರ್‌ನಲ್ಲಿ, ಬಿಸಿ ಇಲ್ಲದೆ, ಹತ್ತು ನಿಮಿಷ ಒಣದಾಗಿಯೇ ತಿರುಗಿಸುತ್ತೇನೆ. ಅರ್ಧಕ್ಕಿಂತ ಜಾಸ್ತಿ ಕೂದಲು ಜಾಲರಿಯಲ್ಲೇ ಸಿಗುತ್ತದೆ. ಡ್ರೈಯರ್ ಇಲ್ಲದವರು ಹೊರಗೆ ಚೆನ್ನಾಗಿ ಕೊಡವಿ ಹಾಕಿದರೂ ಆದೀತು.

ಸರಿ, ಟ್ಯೂಬಿನ ವಿಷಯಕ್ಕೆ ಬರುತ್ತೇನೆ.

ಒಂದು ಭಾನುವಾರ ಮಗಳ ಸೈಕಲ್ಲಿನ ಹಳೆ ಟ್ಯೂಬನ್ನು ಸೋಫಾದ ಮೇಲೆ ಕೂತು ನೋಡುತ್ತಿದ್ದೆ, ಪಂಕ್ಚರ್ ಎಲ್ಲಿದೆ ಅಂತ. ಅದಕ್ಕೇ ಬೈಸಿಕೊಂಡೆ, ಅದು ಬೇರೆ ಮಾತು. ಎದ್ದಾಗ ಟ್ಯೂಬ್ ಸೀಟಿಗೆ ಉಜ್ಜಿಕೊಂಡು ಬಂತು. ಉಜ್ಜಿದ ಜಾಗದಲ್ಲಿ ಬತ್ತಿಯ ಹಾಗೆ ಹೊಸೆದ ಕೂದಲು! ರಬ್ಬರ್ ಗ್ಲೌಸ್ ಹಾಕಿ ಸೋಫಾ ಉಜ್ಜಿ ಕೂದಲು ತೆಗೆಯುವ ಉಪಾಯ ನಿಮಗೆಲ್ಲ ಗೊತ್ತು, ನನಗೂ ಗೊತ್ತಿತ್ತು, ಹಾಕಿಯೂ ನೋಡಿದ್ದೆ. ಆದರೆ ಹದಿನೈದು ನಿಮಿಷಕ್ಕೆ ಕೈ ಬೆವರುತ್ತದೆ, ಮಣಿಕಟ್ಟು ನೋಯುತ್ತದೆ, ಒತ್ತಡ ಒಂದೇ ಸಮ ಬೀಳುವುದಿಲ್ಲ. ಗಾಜು ಒರೆಸುವ ವೈಪರ್ ಪರವಾಗಿಲ್ಲ, ಆದರೆ ಅದರ ರಬ್ಬರ್ ತೆಳು, ದಪ್ಪ ನೇಯ್ಗೆಗೆ ಬಾಗಿಬಿಡುತ್ತದೆ. ನನಗೆ ಬೇಕಿದ್ದದ್ದು ಗ್ಲೌಸಿನ ಹಿಡಿತ, ಮರದ ಗಟ್ಟಿತನ.

ಒಂದಡಿ ಉದ್ದದ, ಎರಡು ಬೆರಳಗಲದ ಮರದ ಪಟ್ಟಿ ಇತ್ತು. ಟ್ಯೂಬನ್ನು ಉದ್ದಕ್ಕೆ ಸೀಳಿದೆ. ಒಳಗೆ ಬಿಳಿ ಪುಡಿ ಇರುತ್ತದೆ, ಅದನ್ನು ಸೋಪು ಹಾಕಿ ತೊಳೆಯದೆ ಬಳಸಬೇಡಿ. ಮೊದಲ ಸಲ ಮರೆತು ನೀಲಿ ಸೋಫಾಕ್ಕೆಲ್ಲ ಬಿಳಿ ಪಟ್ಟೆ ಎಳೆದೆ. ಒಣಗಿದ ಮೇಲೆ ಬಿಗಿಯಾಗಿ ಎಳೆದು ಪಟ್ಟಿಗೆ ಸುತ್ತಿ, ಬೆನ್ನಿನ ಕಡೆ ಸಣ್ಣ ಮೊಳೆ ಹೊಡೆದೆ. ಕೆಲಸ ಮಾಡುವುದು ಅಗಲದ ಮೈಯಲ್ಲ, ಅಂಚು. ಹಾಗಾಗಿ ಪಟ್ಟಿಯ ಅಂಚನ್ನು ಉಜ್ಜಿ ದುಂಡಗೆ ಮಾಡಬೇಡಿ. ಖರ್ಚು ಹೆಚ್ಚುಕಡಿಮೆ ಸೊನ್ನೆ. ಆ ವ್ಯಾಕ್ಯೂಮ್ ದುಡ್ಡನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಪ್ಪು ರಬ್ಬರ್ ತಿಳಿ ಬಣ್ಣದ ಬಟ್ಟೆಗೆ ಮಸಿ ಬಿಡಬಹುದು. ಸೋಫಾದ ಹಿಂದೆ, ಕಾಣದ ಕಡೆ ಒಮ್ಮೆ ಉಜ್ಜಿ ನೋಡಿ. ಬಿಳಿ ಸೋಫಾದವರು ತಿಳಿ ಬಣ್ಣದ ಗ್ಲೌಸ್ ಕತ್ತರಿಸಿ ಸುತ್ತಿಕೊಳ್ಳಿ.

ಹಿಡಿದ ಕೂಡಲೇ ಎಲ್ಲ ಸರಿಹೋಗಲಿಲ್ಲ. ನಾನು ನೆಲ ಉಜ್ಜುವ ಹಾಗೆ ಹಿಂದೆ ಮುಂದೆ ಉಜ್ಜುತ್ತಿದ್ದೆ. ಬರುವಾಗ ಎದ್ದ ಕೂದಲು ಹೋಗುವಾಗ ಮತ್ತೆ ಒಳಗೆ. ಇದು ತಿಳಿಯಲು ಒಂದು ತಿಂಗಳು ಹಿಡಿಯಿತು. ಈಗ ಒಂದೇ ದಿಕ್ಕು, ನನ್ನ ಕಡೆಗೆ. ಗೇಣುದ್ದ ಎಳೆ, ಎತ್ತು, ಮತ್ತೆ ಅಲ್ಲಿಂದ ಎಳೆ. ಮೊದಲ ಸುತ್ತು ಪೂರ್ತಿ ಒಣದಾಗಿ. ಎದ್ದ ಬತ್ತಿಗಳನ್ನು ಕೈಯಲ್ಲೇ ಆರಿಸಿ. ಎರಡನೇ ಸುತ್ತಿಗೆ ತೆಳ್ಳಗೆ ನೀರು ಸಿಂಪಡಿಸಿ, ಎರಡು ನಿಮಿಷ ಬಿಟ್ಟು, ಈ ಸಲ ಅಡ್ಡಕ್ಕೆ ಎಳೆಯಿರಿ. ಮಂಜು ಕೂತ ಹಾಗಿರಬೇಕು, ಅಷ್ಟೇ. ಒದ್ದೆಯಾದರೆ ಕೂದಲು ಬಟ್ಟೆಗೆ ಮೆತ್ತಿಕೊಂಡು ಹಟ ಹಿಡಿಯುತ್ತದೆ. ಹೇಗೆ ತೊಳೆಯಬೇಕು ಅಂತ ಹೇಳುವ ಸೋಫಾದ ಚೀಟಿಯಲ್ಲಿ ‘ಡಬ್ಲ್ಯೂ’ ಇದ್ದರೆ ನೀರು ತಾಳುತ್ತದೆ. ಬರೀ ‘ಎಸ್’ ಅಥವಾ ‘ಎಕ್ಸ್’ ಇದ್ದರೆ ನೀರಿನ ಸುದ್ದಿಗೇ ಹೋಗಬೇಡಿ, ಒಣ ಸುತ್ತನ್ನೇ ಎರಡು ಸಲ ಮಾಡಿ.

ನನ್ನ ಬಾಟಲಿಯಲ್ಲಿ ಬರೀ ನೀರಿಲ್ಲ. ಇನ್ನೊಂದು ಇದೆ, ಗುಂಡ ನೆಕ್ಕಿದರೂ ತೊಂದರೆ ಇಲ್ಲದ್ದು. ಏನು, ಎಷ್ಟು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬರೀ ನೀರಿನಲ್ಲೂ ಮುಕ್ಕಾಲು ಪಾಲು ಕೆಲಸ ಆಗುತ್ತದೆ, ಹೆದರಬೇಡಿ.

ವ್ಯಾಕ್ಯೂಮ್ ಬರುವುದು ಕೊನೆಗೆ. ಇಲ್ಲೇ ಎಲ್ಲರೂ ನಕ್ಕಿದ್ದು. ‘ಭಾವ, ಮೊದಲು ಮಷೀನ್ ಹಾಕಿ, ಆಮೇಲೆ ಉಳಿದದ್ದನ್ನ ಕೈಯಲ್ಲಿ ತೆಗೀಬೇಕು, ನೀವು ಉಲ್ಟಾ ಮಾಡ್ತಿದೀರಿ’ ಅಂದ ಹೆಂಡತಿಯ ತಮ್ಮ. ಅಲ್ಲ. ನೇಯ್ಗೆಯಿಂದ ಬಿಡಿಸುವುದು ರಬ್ಬರ್. ಬಿಟ್ಟದ್ದನ್ನು ಹೊತ್ತೊಯ್ಯುವುದು ಮಷೀನ್. ಬ್ರಷ್ ಕಳಚಿ, ಚೂಪು ಮೂತಿ ಹಾಕಿ, ಹೊಲಿಗೆಯ ಗುಂಟ ಮತ್ತು ಸೀಟಿನ ಸಂದಿಯಲ್ಲಿ ಎಳೆಯುತ್ತೇನೆ. ಮೊದಲ ಸಲ ಮೂರು ಸೀಟಿಗೆ ಎರಡೂವರೆ ಗಂಟೆ ಬೇಕಾಯಿತು. ಏಳು ವರ್ಷದ ಸಾಲ ಅದು. ಈಗ ವಾರಕ್ಕೆ ಎರಡು ಸಲ, ಇಪ್ಪತ್ತು ನಿಮಿಷ.

ಗೆದ್ದೆ ಅನ್ನುವುದಕ್ಕೆ ಸಾಕ್ಷಿ ಬೇಕಲ್ಲ. ಅಂಗೈಯಗಲದ ಟೇಪನ್ನು ಸೀಟಿಗೆ ಒತ್ತಿ ತೆಗೆದು ಕೂದಲು ಎಣಿಸಿದೆ. ಮುಂಚೆ ಇನ್ನೂರರ ಹತ್ತಿರ, ಆಮೇಲೆ ಹತ್ತೋ ಹನ್ನೆರಡೋ. ‘ಮಾಡೋಕೆ ಬೇರೆ ಕೆಲಸ ಇಲ್ವಾ?’ ಅಂದಳು ಹೆಂಡತಿ. ಉದುರುವ ಕಾಲದಲ್ಲಿ ಒಂದು ತಿಂಗಳು ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿ ತೂಗಿದೆ, ನೂರು ಗ್ರಾಂ ಹತ್ತಿರ ಬಂತು. ನೂರು ಗ್ರಾಂ ಕೂದಲು ಅಂದರೆ ಎಷ್ಟು ದೊಡ್ಡ ಚೀಲ ಅಂತ ತೂಗಿ ನೋಡಿದವರಿಗೇ ಗೊತ್ತು. ಅದನ್ನು ದಿಂಬಿಗೂ ತುಂಬಿ ನೋಡಿದೆ. ಎರಡು ದಿನಕ್ಕೆ ಚಪ್ಪಟೆ, ಮೊದಲ ಮಳೆಗೆ ನೆಂದ ನಾಯಿಯ ವಾಸನೆ. ಮಗಳ ಬಲೂನು ಉಜ್ಜಿ ಸೋಫಾದ ಮೇಲೆ ಆಡಿಸಿದೆ. ಬಿಡಿ ಕೂದಲು ಹಾರಿ ಬಂದು ಅಂಟಿದವು, ಅಲ್ಲಿಂದ ನನ್ನ ಕೈಗೆ, ಗೋಡೆಗೆ. ಒಣ ಹವೆಯಲ್ಲಿ ಕೂದಲು ಬಟ್ಟೆಗೆ ಜಾಸ್ತಿ ಯಾಕೆ ಹಿಡಿಯುತ್ತದೆ ಅನ್ನುವುದು ಮಾತ್ರ ಆವತ್ತು ತಲೆಗೆ ಹೋಯಿತು. ಸಿಂಪಡಿಸಿದ ನೀರಿನ ಅರ್ಧ ಕೆಲಸ ಉಜ್ಜಿದಾಗ ಹುಟ್ಟುವ ಈ ವಿದ್ಯುತ್ತನ್ನು ಇಳಿಸುವುದೇ.

ಚರ್ಮದ ಸೋಫಾದವರು ಇದನ್ನೆಲ್ಲ ಓದಬೇಕಾಗಿಯೇ ಇರಲಿಲ್ಲ, ಹಸಿಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಮಖಮಲ್ಲಿಗೆ ಮಾತ್ರ ಈ ಪಟ್ಟಿ ಹಚ್ಚಬೇಡಿ, ಅದರ ಜುಂಗು ಮಲಗಿಬಿಡುತ್ತದೆ. ನಮ್ಮಲ್ಲೊಂದು ಮಖಮಲ್ಲಿನ ಕುರ್ಚಿ ಇದೆ. ಅದಕ್ಕೆ ಬೇರೆ ಉಪಾಯ ಮಾಡಿದ್ದೇನೆ, ಇನ್ನೂ ಎರಡು ತಿಂಗಳು ನೋಡಿ ಹೇಳುತ್ತೇನೆ.

ನಾಯಿಯನ್ನು ಬಾಚುವುದನ್ನು ಬಿಟ್ಟು ಬರೀ ಸೋಫಾ ಉಜ್ಜಿದರೆ ತೂತು ಕೊಡಕ್ಕೆ ನೀರು ಹಾಕಿದ ಹಾಗೆ. ದಿನ ಬಿಟ್ಟು ದಿನ ಮನೆಯ ಹೊರಗೆ ಹತ್ತು ನಿಮಿಷ, ಒಳಗೂದಲು ತೆಗೆಯುವ ಬಾಚಣಿಗೆಯಲ್ಲಿ. ನನ್ನ ಅಂದಾಜಿನಲ್ಲಿ ಸೋಫಾದ ಕೆಲಸ ಅರ್ಧಕ್ಕೆ ಇಳಿಯಿತು. ‘ಪೂರ್ತಿ ಬೋಳಿಸಿಬಿಡಿ ಭಾವ’ ಅಂದಿದ್ದೂ ಹೆಂಡತಿಯ ತಮ್ಮನೇ. ಎರಡು ಪದರ ಕೂದಲಿನ ನಾಯಿಗೆ ಹಾಗೆ ಮಾಡಬಾರದು. ಬಿಸಿಲನ್ನು ತಡೆಯುವುದೂ ಅದೇ ಕೂದಲು, ಬೋಳಿಸಿದ ಮೇಲೆ ಮೊದಲಿನ ಹಾಗೇ ಬರುತ್ತದೆ ಅನ್ನುವ ಭರವಸೆಯೂ ಇಲ್ಲ. ಅಲ್ಲಲ್ಲಿ ಚರ್ಮ ಕಾಣುವ ಹಾಗೆ ಉದುರಿದರೆ, ಸದಾ ಕೆರೆದುಕೊಳ್ಳುತ್ತಿದ್ದರೆ, ಸೋಫಾ ಆಮೇಲೆ. ಮೊದಲು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಅದೇ ತಮ್ಮ ಹೋದ ತಿಂಗಳು ಕಪ್ಪು ಪ್ಯಾಂಟ್ ಹಾಕಿಕೊಂಡು ಬಂದ. ಬೇಕೆಂದೇ ಗುಂಡನ ಜಾಗದಲ್ಲಿ ಕೂತ. ಒಂದು ಗಂಟೆ ಮಾತಾಡಿ ಎದ್ದ, ಕನ್ನಡಿಗೆ ಬೆನ್ನು ಮಾಡಿ ನಿಂತು ಕತ್ತು ತಿರುಗಿಸಿ ನೋಡಿಕೊಂಡ. ಮೂರು ಕೂದಲು. ಅದರಲ್ಲಿ ಒಂದು ನನ್ನದು. ಏನೂ ಹೇಳಲಿಲ್ಲ. ಹೋಗುವಾಗ ಬಾಗಿಲ ಹತ್ತಿರ ಮೆಲ್ಲಗೆ, ‘ಭಾವ, ಆ ಪಟ್ಟಿ ಒಂದು ನನಗೂ ಮಾಡಿಕೊಡಿ’ ಅಂದ. ಮಾಡಿಕೊಟ್ಟೆ. ಬಾಟಲಿಯಲ್ಲಿ ಏನಿದೆ ಅಂತಲೂ ಕೇಳಿದ. ನೀರು ಅಂದೆ.

ಒಂದು ಮರೆತೆ. ಆರು ತಿಂಗಳಿಗೆ ಟ್ಯೂಬು ನುಣ್ಣಗಾಗಿ ಹಿಡಿತ ಬಿಡುತ್ತದೆ. ಆಗ ಮರಳು ಕಾಗದದಲ್ಲಿ ಹಗುರಾಗಿ ಉಜ್ಜಿ ತೊಳೆಯಿರಿ, ಇನ್ನೊಂದಷ್ಟು ದಿನ ಬರುತ್ತದೆ. ಬಿರುಕು ಬಿಟ್ಟರೆ ಬೇರೆ ಸುತ್ತಿ. ನನ್ನದು ಈಗ ನಾಲ್ಕನೆಯದು. ಮಗಳು ಸೈಕಲ್ ಬೀಗ ಹಾಕಿ ಇಡಲು ಶುರು ಮಾಡಿದ್ದಾಳೆ.