ಹೆಂಗಸರ ಲೆಕ್ಕ ಎಲ್ಲಿ ಕಳೆದುಹೋಗುತ್ತೆ: ಎರಡು ಜಿಲ್ಲೆಗಳ ನನ್ನ ಅನುಭವ

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಸೇರಿಸಿ ನಡೆಸಿದ ಒಂದು ಕಾರ್ಯಕ್ರಮದ ಮೌಲ್ಯಮಾಪನ ನನ್ನ ಪಾಲಿಗೆ ಬಂತು. ಮುಂದಿನ ಹಂತದ ಯೋಜನೆ ಬರೆಯುವ ಕೆಲಸವೂ ಜೊತೆಗೇ ಬಂತು. ಕಾರ್ಯಕ್ರಮದ ಗುರಿ ಕೇಳೋಕೆ ಸರಳ. ಹೆಂಗಸರ ಬದುಕು, ಗಂಡಸರ ಬದುಕು ಎಲ್ಲಿ ಬೇರೆಯಾಗುತ್ತೆ ಅಂತ ತೋರಿಸುವ ಅಂಕಿ ಅಂಶ ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಸಿಗಬೇಕು. ಸಿಕ್ಕಿದ್ದು ಬಳಕೆಯಾಗಬೇಕು. ಕಾಗದದಲ್ಲಿ ಇದಕ್ಕೆ ಲಿಂಗತ್ವ ಅಂಕಿ ಅಂಶ ಅಂತ ಹೆಸರು. ಮಾತಿನಲ್ಲಿ ಎಲ್ಲರೂ ಜೆಂಡರ್ ಡಾಟಾ ಅಂತಾರೆ.

ವರದಿಗೆ ಬೇಕಾದ ಸರಕು ಕೈಯಲ್ಲೇ ಇತ್ತು. ತರಬೇತಿಗಳ ಹಾಜರಿ ಪಟ್ಟಿ, ಬ್ಯಾನರ್ ಮುಂದೆ ನಿಂತ ಫೋಟೊ, ಅಚ್ಚು ಹಾಕಿಸಿದ ಕೈಪಿಡಿ. ಹಣ ಕೊಟ್ಟವರು ಮೊದಲು ಕೇಳುವುದೂ ಅದನ್ನೇ. ಅವನ್ನೆಲ್ಲ ಅನುಬಂಧಕ್ಕೆ ಹಾಕಿ ಪಕ್ಕಕ್ಕಿಟ್ಟೆ. ತರಬೇತಿಗೆ ಬಂದವರು ಊಟ ಮಾಡಿ ಎದ್ದು ಹೋದರೋ, ಆಫೀಸಿಗೆ ಹೋಗಿ ಏನಾದರೂ ಬದಲಾಯಿಸಿದರೋ ಅಂತ ಹಾಜರಿ ಪಟ್ಟಿ ಹೇಳಲ್ಲ ಅಲ್ವಾ?

ವಿಶ್ವಸಂಸ್ಥೆಯ ಯುಎನ್ ವಿಮೆನ್ 2016ರಲ್ಲಿ ಇಂಥದ್ದೇ ಕೆಲಸಕ್ಕೆ ಜಾಗತಿಕ ಮಟ್ಟದಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಮೂರು ಭಾಗ: ಅಂಕಿ ಅಂಶಕ್ಕೆ ಬೇಕಾದ ನೀತಿ ಮತ್ತು ದುಡ್ಡು, ಅಂಕಿ ಅಂಶದ ತಯಾರಿ, ಆಮೇಲೆ ಅದರ ಬಳಕೆ. ಚೌಕಟ್ಟು ನಮಗೂ ಹೊಂದುತ್ತಿತ್ತು. ಆದರೆ ನಾನು ಕೊನೆಯಿಂದ ಶುರು ಮಾಡಿದೆ. ಯಾವ ಅಂಕಿ ಇಟ್ಟುಕೊಂಡು ಯಾರು ಯಾವ ತೀರ್ಮಾನ ಬದಲಾಯಿಸಿದರು? ಈ ಒಂದು ಪ್ರಶ್ನೆ ಹಿಡಿದು ಕಚೇರಿಯಿಂದ ಕಚೇರಿಗೆ ಹೋದೆ. ಉತ್ತರ ಸಿಗದ ಕಡೆ ಆ ಅಂಕಿಯನ್ನೇ ಹಿಂಬಾಲಿಸಿಕೊಂಡು ಕೆಳಗಿಳಿದೆ. ಜಿಲ್ಲೆಯ ಪಟ್ಟಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹೋಬಳಿಗೆ, ಅಲ್ಲಿಂದ ಊರಿನ ರಿಜಿಸ್ಟರಿಗೆ.

ಇಲ್ಲಿ ಒಂದು ವಿಷಯ ಚೆನ್ನಾಗಿ ಕಂಡಿತು. ಊರಿನ ಮಟ್ಟದಲ್ಲಿ ಮಾಹಿತಿ ಇದೆ. ಒಂದು ಇಲಾಖೆಯ ಸಹಾಯಧನದ ಪಟ್ಟಿ ತೆಗೆದುಕೊಳ್ಳಿ. ಕೆಳಗಿನ ಅರ್ಜಿಯಲ್ಲಿ ಹೆಸರು, ವಯಸ್ಸು, ಹೆಣ್ಣೋ ಗಂಡೋ, ಜಾತಿ ಎಲ್ಲ ಇದೆ. ತಾಲ್ಲೂಕಿನಲ್ಲಿ ಕ್ರೋಡೀಕರಣ ಮಾಡುವಾಗ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರೆ ಅನ್ನುವ ಕಾಲಂ ಉಳಿಯುತ್ತೆ. ಹೆಣ್ಣು, ಗಂಡು ಕಾಲಂ ಹೋಗುತ್ತೆ. ಜಿಲ್ಲೆಗೆ ಬರುವ ಹೊತ್ತಿಗೆ ‘ಒಟ್ಟು ಫಲಾನುಭವಿಗಳು’ ಅಂತ ಒಂದೇ ಅಂಕಿ.

ಜಾತಿಯ ಕಾಲಂ ಯಾಕೆ ಉಳಿಯಿತು? ನನಗೆ ಇದರಲ್ಲೇ ಇಡೀ ಮೌಲ್ಯಮಾಪನದ ಉತ್ತರ ಸಿಕ್ಕಿತು. ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆ ಬಗ್ಗೆ, ಅಂದರೆ ಈ ಸಮುದಾಯಗಳಿಗೆ ಅಂತ ಬಜೆಟ್ಟಿನಲ್ಲಿ ದುಡ್ಡು ಎತ್ತಿಡುವ ಬಗ್ಗೆ, ಕರ್ನಾಟಕದಲ್ಲಿ 2013ರ ಕಾಯ್ದೆ ಇದೆ. ಇಟ್ಟ ದುಡ್ಡು ಖರ್ಚಾಯಿತೋ ಇಲ್ಲವೋ ಅಂತ ಪರಿಶೀಲನಾ ಸಭೆಯಲ್ಲಿ ಕೇಳುತ್ತಾರೆ. ಕೇಳುತ್ತಾರೆ ಅನ್ನುವ ಕಾರಣಕ್ಕೇ ಕೇಸ್ ವರ್ಕರ್ ಆ ಕಾಲಂ ತುಂಬುತ್ತಾರೆ. ಹೆಂಗಸರೆಷ್ಟು ಅಂತ ಯಾರೂ ಕೇಳಲ್ಲ, ಅದಕ್ಕೇ ಅದು ದಾರಿಯಲ್ಲೇ ಬಿದ್ದುಹೋಗುತ್ತೆ. ಅವರಿಗೆ ಲಿಂಗ ಸಮಾನತೆ ಬಗ್ಗೆ ಎರಡು ದಿನ ಉಪನ್ಯಾಸ ಕೊಟ್ಟು ಏನು ಉಪಯೋಗ? ಕೆಡಿಪಿ ಸಭೆ, ಅಂದರೆ ಇಲಾಖೆಗಳ ಕೆಲಸ ಪರಿಶೀಲಿಸುವ ಸಭೆಯ ನಮೂನೆಯಲ್ಲಿ ಒಂದು ಕಾಲಂ ಸೇರಿದರೆ ಮುಂದಿನ ತಿಂಗಳೇ ಅಂಕಿ ಬರುತ್ತೆ.

ತರಬೇತಿಯಿಂದ ನಿಜವಾಗಿ ಬದಲಾದ ಜಾಗ ಒಂದಿತ್ತು. ಅದು ಮನೆಮನೆಯಲ್ಲಿ ಪ್ರಶ್ನೆ ಕೇಳುವ ರೀತಿ.

ಮೊಳಕಾಲ್ಮೂರಿನ ರೇಷ್ಮೆ ಸೀರೆ ಎಲ್ಲರಿಗೂ ಗೊತ್ತು. ಗಂಡಸು ಮಗ್ಗಕ್ಕೆ ಕೂರುವ ಮನೆಗಳಲ್ಲಿ ನೂಲು ಬಿಡಿಸುವುದು, ಕಂಡಿಕೆ ಸುತ್ತುವುದು ಹೆಂಗಸರ ಪಾಲು. ‘ಏನ್ ಕೆಲಸ ಮಾಡ್ತೀರಮ್ಮ?’ ಅಂದರೆ ‘ಏನೂ ಇಲ್ಲ ಕಣವ್ವ, ಮನೇಲೇ ಇರ್ತೀನಿ’ ಅನ್ನುತ್ತಾರೆ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ಈ ಉತ್ತರಕ್ಕೆ ಸಂಕೇತ 92, ಅಂದರೆ ಮನೆಗೆಲಸ ಮಾತ್ರ. ದುಡಿಯುವವರ ಲೆಕ್ಕಕ್ಕೆ ಆಕೆ ಇಲ್ಲ. ಅದೇ ಹೆಂಗಸಿಗೆ ‘ನಿನ್ನೆ ಎಷ್ಟು ಕಂಡಿಕೆ ಸುತ್ತಿದ್ರಿ?’ ಅಂತ ಕೇಳಿ ನೋಡಿ. ಸರಿಯಾದ ಲೆಕ್ಕ ಬರುತ್ತೆ. ಹೊರಗಿನವರಿಗೆ ಸುತ್ತಿಸಿದರೆ ಎಷ್ಟು ಕೂಲಿ ಕೊಡಬೇಕು ಅನ್ನುವುದನ್ನೂ ಆಕೆಯೇ ಹೇಳುತ್ತಾಳೆ. ಈಗ ಸಂಕೇತ 21. ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವ ಸಹಾಯಕರು. ಈ ಗುಂಪು ಉದ್ಯೋಗಿಗಳ ಲೆಕ್ಕಕ್ಕೆ ಸೇರುತ್ತೆ.

ತಮಾಷೆ ಅಂದರೆ ಸರ್ಕಾರದ್ದೇ ಇನ್ನೊಂದು ಪುಸ್ತಕದಲ್ಲಿ ಇದೇ ಹೆಂಗಸಿಗೆ ಜಾಗ ಇದೆ. 2019-20ರ ನಾಲ್ಕನೇ ಕೈಮಗ್ಗ ಗಣತಿ ನೇಯುವವರನ್ನು ಬೇರೆ, ನೂಲು ಸುತ್ತುವಂಥ ಪೂರಕ ಕೆಲಸದವರನ್ನು ಬೇರೆ ಎಣಿಸಿತು. ದೇಶದಲ್ಲಿ ಒಟ್ಟು 35 ಲಕ್ಷಕ್ಕೂ ಜಾಸ್ತಿ ಕೈಮಗ್ಗ ಕಾರ್ಮಿಕರು ಸಿಕ್ಕರು. ಅದರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಹೆಂಗಸರು. ಒಂದು ಪುಸ್ತಕದಲ್ಲಿ ಕಾರ್ಮಿಕಳು, ಇನ್ನೊಂದರಲ್ಲಿ ಸುಮ್ನೆ ಮನೇಲಿರೋಳು.

ತರಬೇತಿ ಕೆಲಸ ಮಾಡಿತೋ ಅಂತ ನೋಡಲು ನಾವು ಮರುಭೇಟಿ ಮಾಡಿದೆವು. ಮೊದಲು ಸಮೀಕ್ಷೆಯಾದ ಕೆಲವು ಮನೆಗಳಿಗೇ ಬೇರೆ ಹುಡುಗಿಯರನ್ನು ಕಳಿಸಿ, ಕೆದಕಿ ಕೇಳುವ ಪ್ರಶ್ನೆಗಳೊಂದಿಗೆ ಮತ್ತೆ ಫಾರಂ ತುಂಬಿಸಿದೆವು. ಹಳೆಯ ಉತ್ತರ, ಹೊಸ ಉತ್ತರ ಅಕ್ಕಪಕ್ಕ ಇಟ್ಟು ನೋಡಿದೆವು. ನೇಕಾರರ ಮನೆ, ಚನ್ನಗಿರಿಯ ಅಡಿಕೆ ಸುಲಿಯುವ ಮನೆ, ದಾವಣಗೆರೆಯ ಮಂಡಕ್ಕಿ ಭಟ್ಟಿ ನಡೆಸುವ ಮನೆ, ಇಲ್ಲೆಲ್ಲ ಉತ್ತರ ಬದಲಾಯಿತು. ಸಂಬಳದ ನೌಕರರ ಮನೆಗಳಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಇನ್ನೊಂದು, ಗಂಡ ಉತ್ತರ ಕೊಟ್ಟ ಮನೆಗೂ ಹೆಂಡತಿಯೇ ಕೊಟ್ಟ ಮನೆಗೂ ವ್ಯತ್ಯಾಸ ಇತ್ತು. ಹಾಗಾಗಿ ಮುಂದಿನ ಯೋಜನೆಯಲ್ಲಿ ಎಲ್ಲರಿಗೂ ಒಂದೇ ತರಬೇತಿ ಇಲ್ಲ. ಆಯಾ ತಾಲ್ಲೂಕಿನ ಕಸುಬಿಗೆ ತಕ್ಕ ಪ್ರಶ್ನೆ. ಚಳ್ಳಕೆರೆಗೆ ಶೇಂಗಾ ಮತ್ತು ಉಣ್ಣೆ, ಜಗಳೂರಿಗೆ ಮೆಕ್ಕೆಜೋಳ. ಎಮ್ಮೆ ಹಸು ಎಲ್ಲ ಕಡೆ ಇದ್ದದ್ದೇ. 2011ರ ಜನಗಣತಿಯ ನಿಯಮದ ಪ್ರಕಾರ ಹಾಲು ಮನೆಬಳಕೆಗೆ ಮಾತ್ರ ಆದರೂ ಹೈನುಗಾರಿಕೆ ಕೆಲಸವೇ. ಇದನ್ನು ಹೇಳಿದಾಗ ತರಬೇತಿಗೆ ಬಂದ ಶಿಕ್ಷಕರಿಗೇ ಆಶ್ಚರ್ಯ.

ಮನೆಗೆಲಸದ ಹೊತ್ತಿನ ಬಗ್ಗೆ ದೇಶದ ಲೆಕ್ಕ ಇದೆ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕೆ ಕೊಡುತ್ತಾರೆ ಅಂತ ಬಂತು. 2019ರಲ್ಲಿ ಇದು 299 ಮತ್ತು 97 ಇತ್ತು. ಜಗಳೂರಿನಲ್ಲಿ ಎಷ್ಟು ಅಂದರೆ ಉತ್ತರವಿಲ್ಲ. ದೇಶಕ್ಕೆ ಅಂತ ತೆಗೆದ ಮಾದರಿಯನ್ನು (ಸ್ಯಾಂಪಲ್) ತಾಲ್ಲೂಕಿಗೆ ಹರಿದು ಹಂಚುವುದು ಅಂದರೆ ಒಂದು ಸೇರು ಮಂಡಕ್ಕಿಯನ್ನು ಇಡೀ ಜಾತ್ರೆಗೆ ಹಂಚಿದ ಹಾಗೆ. ‘ಹಾಗಾದ್ರೆ ನಾವೇ ಸರ್ವೆ ಮಾಡೋಣ ಮೇಡಂ’ ಅಂತ ತಂಡದ ಹುಡುಗರು ಹುಮ್ಮಸ್ಸಿನಲ್ಲಿದ್ದರು. ಬೇಡ ಅಂದೆ. ನಮ್ಮ ದುಡ್ಡಿಗೆ ಬರುವುದು ಸಣ್ಣ ಮಾದರಿ. ಅದರ ಅಂಕಿಯನ್ನು ಯಾವ ಅಧಿಕಾರಿಯೂ ಒಪ್ಪಲ್ಲ, ಒಪ್ಪಲೂಬಾರದು. ಅದೂ ಅಲ್ಲದೆ 2025ರ ಜನವರಿಯಿಂದ ಕಾರ್ಮಿಕ ಬಲ ಸಮೀಕ್ಷೆ ಜಿಲ್ಲೆಯನ್ನೇ ಮೂಲ ಘಟಕ ಮಾಡಿಕೊಂಡು ಮಾದರಿ ತೆಗೆಯುತ್ತಿದೆ. ಅದನ್ನು ಬಳಸಲು ಕಲಿಯುವುದು ಮೇಲು.

ಹೋಲಿಕೆಯ ಅಡಿಪಾಯ ಹಾಕುವಾಗ ಜಾಗ್ರತೆ ಬೇಕಾದ ಒಂದು ಸಂಗತಿ ನಮ್ಮ ಕಡೆಗೇ ವಿಶೇಷ. 2011ರ ಜನಗಣತಿಯ ದಾವಣಗೆರೆ ಜಿಲ್ಲೆ ಈಗಿನ ದಾವಣಗೆರೆ ಅಲ್ಲ. ಆಗ ಜನಸಂಖ್ಯೆ 19,45,497, ಸಾವಿರ ಗಂಡಸರಿಗೆ 972 ಹೆಂಗಸರು. ಅದರಲ್ಲಿ ಹರಪನಹಳ್ಳಿ ಸೇರಿತ್ತು. ಆ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಹೋಯಿತು, ಈಗ ವಿಜಯನಗರದಲ್ಲಿದೆ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಯಿತು. ಹಳೆಯ ಅಂಕಿಯ ಪಕ್ಕ ಹೊಸ ಅಂಕಿ ಇಟ್ಟು ‘ಸುಧಾರಣೆ’ ಅಂದರೆ ತಾಲ್ಲೂಕು ಬಿಟ್ಟುಹೋದದ್ದನ್ನೇ ಸಾಧನೆ ಅಂದಂತೆ. ತಾಲ್ಲೂಕುವಾರು ಪಟ್ಟಿ ತೆಗೆದು ಹರಪನಹಳ್ಳಿ ಕಳೆದು ಮತ್ತೆ ಲೆಕ್ಕ ಹಾಕಿದೆವು. ಚಿತ್ರದುರ್ಗಕ್ಕೆ ಈ ತಾಪತ್ರಯ ಇಲ್ಲ.

‘ಮಹಿಳೆಯೇ ಮುಖ್ಯಸ್ಥೆಯಾದ ಕುಟುಂಬ’ ಅನ್ನುವ ಸೂಚಕವನ್ನೂ ಪಟ್ಟಿಯಿಂದ ತೆಗೆಸಿದೆ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. ಜನಗಣತಿಯಲ್ಲಿ ಮನೆಯವರು ಯಾರನ್ನು ಹೇಳುತ್ತಾರೋ ಅವರು. ಎರಡೂ ಬೇರೆ. ಅದರ ಮೇಲೆ 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಬಂತು. ತಿಂಗಳಿಗೆ 2,000 ರೂಪಾಯಿ ಹೋಗುವುದು ರೇಷನ್ ಕಾರ್ಡಿನ ಯಜಮಾನಿಗೆ. ಕಾರ್ಡಿನಲ್ಲಿ ಹೆಸರು ತಿದ್ದಿಸಲು, ಬ್ಯಾಂಕ್ ಖಾತೆ ಸರಿಮಾಡಿಸಲು ಜನ ಸಾಲುಗಟ್ಟಿ ನಿಂತರು. ಹೆಂಗಸರ ಬ್ಯಾಂಕ್ ಖಾತೆ ಬಳಕೆ ಜಾಸ್ತಿಯಾದದ್ದಕ್ಕೆ ನಮ್ಮ ಕಾರ್ಯಕ್ರಮದ ಹೆಸರು ಬರೆದುಕೊಳ್ಳಬಹುದಿತ್ತು. ಕರಡಿನಲ್ಲಿ ಯಾರೋ ಬರೆದೂ ಇದ್ದರು. ಹೊಡೆದುಹಾಕಿದೆ.

ಜಮೀನಿನ ವಿಷಯ ಇನ್ನೂ ಸಿಕ್ಕು. ಪಹಣಿಯಲ್ಲಿ ಹೆಸರಿನ ಮುಂದೆ ‘ಕೋಂ’ (ಇಂಥವರ ಹೆಂಡತಿ) ಅಂತ ಇದ್ದರೆ ಹೆಂಗಸು ಅಂತ ಹಿಡಿದು ಎಣಿಸಬಹುದು. ಅರ್ಧ ದಾರಿಗೆ ಅದು ಸಾಕು. ಆದರೆ ಗಂಡ ತೀರಿಹೋಗಿ ವರ್ಷಗಳಾದರೂ ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು, ಆಗದೆ ಪಹಣಿ ಅವನ ಹೆಸರಲ್ಲೇ ಇರುತ್ತೆ. ಹೊಲ ಉಳುವುದು, ಬಿತ್ತುವುದು, ಕೂಲಿಯವರಿಗೆ ದುಡ್ಡು ಕೊಡುವುದು ಎಲ್ಲ ಆಕೆ. ದಾಖಲೆಯಲ್ಲಿ ಆಕೆ ರೈತಳಲ್ಲ. ಬೆಳೆ ನಷ್ಟದ ಪರಿಹಾರಕ್ಕೂ ಸಾಲಕ್ಕೂ ಅಲ್ಲೇ ಕೊಕ್ಕೆ. 2015-16ರ ಕೃಷಿ ಗಣತಿಯಲ್ಲಿ ದೇಶದ ಸಾಗುವಳಿದಾರರಲ್ಲಿ ಹೆಂಗಸರು ನೂರಕ್ಕೆ 14ರಷ್ಟು ಮಾತ್ರ. ನಮ್ಮ ಹೊಲಗಳಲ್ಲಿ ಕಳೆ ತೆಗೆಯುವವರನ್ನು ನೋಡಿದವರು ಈ ಅಂಕಿ ನಂಬಲ್ಲ. ಹಾಗಾಗಿ ಬಾಕಿ ಇರುವ ಪೌತಿ ಖಾತೆಗಳ ಸಂಖ್ಯೆಯನ್ನೇ ಒಂದು ಸೂಚಕ ಮಾಡಿಕೊಂಡೆವು. ಇದನ್ನು ಎಣಿಸಿದರೆ ಕೆಲಸವೂ ಆಗುತ್ತೆ. ಪಟ್ಟಿ ಸಿಕ್ಕ ಮೇಲೆ ಗ್ರಾಮ ಆಡಳಿತ ಅಧಿಕಾರಿಗೆ ಸುಮ್ಮನಿರೋಕೆ ಆಗಲ್ಲ.

ದೌರ್ಜನ್ಯದ ಪ್ರಶ್ನೆಯನ್ನು ನಮ್ಮ ಫಾರಂಗೆ ಸೇರಿಸಿ ಅಂತ ಒತ್ತಾಯ ಬಂತು. ಇದಕ್ಕೆ ನಾನು ಬಗ್ಗಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಇದನ್ನು ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ ಕೇಳುತ್ತಾರೆ. ಪಕ್ಕದಲ್ಲಿ ಯಾರೂ ಇರಬಾರದು, ಏಕಾಂತ ಸಿಗದಿದ್ದರೆ ಕೇಳಲ್ಲ. ನಮ್ಮ ಹಳ್ಳಿಯ ಜಗುಲಿಯಲ್ಲಿ, ಅತ್ತೆ ಪಕ್ಕದಲ್ಲಿ ಕೂತಿರುವಾಗ ಕೇಳಿದರೆ ಸುಳ್ಳು ಉತ್ತರ ಬರುತ್ತೆ, ಇಲ್ಲವೇ ಆ ರಾತ್ರಿ ಆಕೆಗೆ ಏಟು ಬೀಳುತ್ತೆ. ಪೊಲೀಸ್ ಠಾಣೆಯ ಪ್ರಕರಣ ಕಡಿಮೆಯಾಗಬೇಕು ಅನ್ನುವ ಗುರಿಯನ್ನೂ ತೆಗೆದೆ. ದೂರು ಕೊಡುವ ಧೈರ್ಯ ಬಂದಾಗ ಪ್ರಕರಣ ಏರುತ್ತೆ. ಅಂಥ ಗುರಿ ಇಟ್ಟರೆ ದೂರು ಬರೆದುಕೊಳ್ಳದ ಠಾಣೆಯೇ ಒಳ್ಳೆ ಠಾಣೆ ಆಗುತ್ತೆ.

ಕೊನೆಗೆ ಯೋಜನೆ ಸಣ್ಣದಾಯಿತು. ಹೊಸ ಸರ್ವೆಗೆ ದುಡ್ಡಿಲ್ಲ, ಮೊಬೈಲ್ ಆ್ಯಪ್ ಇಲ್ಲ. ಕೆಡಿಪಿ ನಮೂನೆಯಲ್ಲಿ ಮೊದಲು ಕೃಷಿ, ತೋಟಗಾರಿಕೆ, ಪಶುಸಂಗೋಪನೆ ಮೂರೇ ಇಲಾಖೆಗೆ ಹೆಣ್ಣು, ಗಂಡು ಕಾಲಂ. ಜಿಲ್ಲಾ ಸಾಂಖ್ಯಿಕ ಕಚೇರಿಯಲ್ಲಿ ಅದನ್ನು ನೋಡಿಕೊಳ್ಳಲು ಒಬ್ಬರು. ಅವರು ವರ್ಗಾವಣೆಯಾದರೆ ಬರುವವರಿಗೆ ಅಂತ ಎರಡು ಪುಟದ ಬರವಣಿಗೆ. ವರ್ಷಕ್ಕೊಮ್ಮೆ ಮರುಭೇಟಿ. ಹಣ ಕೊಟ್ಟವರಿಗೆ ಇದು ಸಪ್ಪೆ ಅನಿಸಿತು. ಉದ್ಘಾಟನೆ ಮಾಡೋಕೆ ಏನೂ ಇಲ್ಲ ಅಂದರು. ಮೊದಲ ವರ್ಷಕ್ಕೆ ಒಪ್ಪಿದರು.

2027ರ ಜನಗಣತಿಯ ಉಲ್ಲೇಖ ದಿನ, ಅಂದರೆ ಜನಸಂಖ್ಯೆ ಯಾವ ದಿನದ್ದು ಅಂತ ಲೆಕ್ಕ ಹಿಡಿಯುತ್ತಾರೋ ಆ ದಿನ, ಮಾರ್ಚ್ 1. ಗಣತಿದಾರರ ತರಬೇತಿ ಸರ್ಕಾರದ್ದು, ಅದರಲ್ಲಿ ನಮಗೆ ಕೈಯಾಡಿಸಲು ಬರಲ್ಲ. ಉತ್ತರ ಕೊಡುವವರ ಜೊತೆ ಮಾತಾಡಬಹುದಲ್ಲ? ಅದಕ್ಕೆ ಮೊಳಕಾಲ್ಮೂರು, ಚಳ್ಳಕೆರೆ, ಜಗಳೂರಿನ ಸ್ವಸಹಾಯ ಸಂಘಗಳ ವಾರದ ಸಭೆಗಳಲ್ಲಿ ಈಗಲೇ ಕೂತು, ನೀವು ಮಾಡುವ ಯಾವ್ಯಾವ ಕೆಲಸ ಗಣತಿಯ ಲೆಕ್ಕಕ್ಕೆ ಬರುತ್ತೆ ಅಂತ ಹೇಳುವ ಖರ್ಚು ಮಾತ್ರ ಯೋಜನೆಯಲ್ಲಿ ಬೇರೆ ಸಾಲಿನಲ್ಲಿ ಇಟ್ಟಿದ್ದೇನೆ. ದೊಡ್ಡ ಮೊತ್ತವೇನಲ್ಲ, ಬಸ್ ಚಾರ್ಜೂ ಬೇಡ. ನಮ್ಮ ಹುಡುಗಿಯರು ಶಕ್ತಿ ಯೋಜನೆಯ ಶೂನ್ಯ ಟಿಕೆಟ್‌ನಲ್ಲೇ ಓಡಾಡುತ್ತಾರೆ.