ಆಪತ್ತು ಬಂದಾಗ ಯಾರಿಗೆ ಯಾವ ಕೆಲಸ?

ಬೆಂಕಿ, ನೆರೆ, ಭೂಕಂಪ, ಅನಿಲ ಸೋರಿಕೆ ಏನೇ ಸಂಭವಿಸಲಿ, ಮೊದಲು ನೆರವಿಗೆ ಧಾವಿಸುವವರು ಅಲ್ಲೇ ಇರುವ ಜನ. 1995ರ ಜನವರಿಯಲ್ಲಿ ಜಪಾನಿನ ಕೋಬೆಯಲ್ಲಿ ಭೂಮಿ ನಡುಗಿದಾಗ ಕುಸಿದ ಮನೆಗಳಡಿಯಿಂದ ಬದುಕಿ ಬಂದವರಲ್ಲಿ ಬಹುಪಾಲು ಮಂದಿಯನ್ನು ಹೊರಗೆಳೆದವರು ಮನೆಯವರು ಮತ್ತು ನೆರೆಹೊರೆಯವರು. ಹಾಗಾಗಿ ವಿಪತ್ತು ನಿರ್ವಹಣೆಯನ್ನು ಸರ್ಕಾರದ ತಲೆಗೆ ಕಟ್ಟಿ ಸುಮ್ಮನಿರುವಂತಿಲ್ಲ. ಶಾಲೆ, ಕಚೇರಿ, ವಸತಿ ಸಮುಚ್ಚಯ ಯಾವುದೇ ಇರಲಿ, ಯೋಜನೆಯನ್ನು ಹೀಗೆ ರೂಪಿಸಿಕೊಳ್ಳಬಹುದು.

ಹಂತ 1: ಅಪಾಯಗಳ ಪಟ್ಟಿ

ಪ್ರತಿ ಅಪಾಯದ ಮುಂದೆ ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ಸಂಭವಿಸುವ ಸಾಧ್ಯತೆ ಎಷ್ಟು? ಸಂಭವಿಸಿದರೆ ನಷ್ಟ ಎಷ್ಟು? ಅಪರೂಪದ ದುರಂತಕ್ಕೆ ಹೆದರುವ ನಾವು ಮೆಟ್ಟಿಲ ಕೆಳಗೆ ಪೇರಿಸಿಟ್ಟ ರಟ್ಟಿನ ಪೆಟ್ಟಿಗೆಗಳನ್ನು ಕಂಡೂ ಕಾಣದಂತೆ ದಾಟಿ ಹೋಗುತ್ತೇವೆ. ಓಡಲಾಗದವರು, ಗಾಲಿಕುರ್ಚಿ ಬಳಸುವವರು, ಎಚ್ಚರಿಕೆಯ ಗಂಟೆ ಕೇಳಿಸದವರು ಯಾರು ಎಂಬುದೂ ಇದೇ ಪಟ್ಟಿಯಲ್ಲಿರಲಿ.

ಹಂತ 2: ತಗ್ಗಿಸುವುದು

ಕಪಾಟನ್ನು ಗೋಡೆಗೆ ಬಿಗಿಯಿರಿ. ಹೊರಬಾಗಿಲ ದಾರಿ ತೆರವು ಮಾಡಿ. ನೀರು ನುಗ್ಗುವ ಜಾಗದಲ್ಲಿ ಜನರೇಟರ್ ಇದ್ದರೆ ಮೇಲಕ್ಕೆ ಸಾಗಿಸಿ. ಇಂಥ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಆದರೆ ಹೆಚ್ಚು ಜೀವ ಉಳಿಸುವುದು ಇದೇ.

ಹಂತ 3: ಹೊಣೆ ಹಂಚುವುದು

ಹೆಚ್ಚಿನ ಯೋಜನೆಗಳು ಎಡವುವುದು ಇಲ್ಲಿಯೇ. 1970ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚುಗಳಲ್ಲಿ 16 ಮಂದಿ ಸತ್ತು, 700ಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ನಂತರದ ಪರಿಶೀಲನೆಯಲ್ಲಿ ಎದ್ದು ಕಂಡದ್ದು ಜನಬಲದ ಕೊರತೆಗಿಂತ ಹೊಂದಾಣಿಕೆಯ ಕೊರತೆ. ಒಂದು ಇಲಾಖೆಯ ರೇಡಿಯೊ ಇನ್ನೊಂದರ ರೇಡಿಯೊಗೆ ಹೊಂದುತ್ತಿರಲಿಲ್ಲ. ಆದೇಶ ಕೊಡಬೇಕಾದವರು ಯಾರು ಎಂಬುದೇ ಸ್ಪಷ್ಟವಿರಲಿಲ್ಲ. ಆ ಪಾಠದಿಂದ ಹುಟ್ಟಿದ ಕಾರ್ಯಾಚರಣೆ ವ್ಯವಸ್ಥೆ ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದರ ತಿರುಳು ಸರಳ: ಒಬ್ಬರೇ ಮುಖ್ಯಸ್ಥರು, ಅವರ ಕೆಳಗೆ ಕಾರ್ಯಾಚರಣೆ, ಯೋಜನೆ, ಸಾಮಗ್ರಿ ಪೂರೈಕೆ, ಹಣಕಾಸು ಎಂಬ ನಾಲ್ಕು ವಿಭಾಗ. ಒಬ್ಬರ ಕೈಕೆಳಗೆ ಮೂರರಿಂದ ಏಳು ಮಂದಿ; ಐದಾದರೆ ಉತ್ತಮ.

ಸಣ್ಣ ಕಟ್ಟಡಕ್ಕೆ ಇಷ್ಟೆಲ್ಲ ಬೇಕಿಲ್ಲ. ಮುಖ್ಯಸ್ಥರು ಒಬ್ಬರು, ಅವರಿಲ್ಲದಾಗ ನೋಡಿಕೊಳ್ಳುವವರು ಒಬ್ಬರು, ತಲೆ ಎಣಿಸುವವರು ಒಬ್ಬರು, ಪ್ರಥಮ ಚಿಕಿತ್ಸೆಗೆ ಇಬ್ಬರು. ಅಗ್ನಿಶಾಮಕ ದಳದವರನ್ನು ಗೇಟಿನಲ್ಲೇ ಎದುರುಗೊಂಡು, ಒಳಗೆ ಯಾರಿದ್ದಾರೆ, ಅನಿಲದ ವಾಲ್ವ್ ಎಲ್ಲಿದೆ ಎಂದು ಹೇಳಲು ಇನ್ನೊಬ್ಬರು. ಈ ಕೊನೆಯವರನ್ನು ನೇಮಿಸಲು ಬಹಳಷ್ಟು ಕಡೆ ಮರೆಯುತ್ತಾರೆ.

ಹೊರಗಿನವರ ಸಾಲು ಉದ್ದ: ಪೊಲೀಸರು, ಅಗ್ನಿಶಾಮಕ ದಳ, ಆಂಬುಲೆನ್ಸ್, ಆಸ್ಪತ್ರೆ, ಹವಾಮಾನ ತಜ್ಞರು, ವಿದ್ಯುತ್ ಮತ್ತು ನೀರು ಪೂರೈಸುವವರು, ರೆಡ್ ಕ್ರಾಸ್‌ನಂಥ ಸ್ವಯಂಸೇವಾ ಸಂಸ್ಥೆಗಳು. ಸಾಮಾನ್ಯವಾಗಿ ಸ್ಥಳೀಯ ಆಡಳಿತವೇ ಮೊದಲು ಕೆಲಸಕ್ಕಿಳಿಯುತ್ತದೆ. ಅದರ ಶಕ್ತಿ ಮೀರಿದಾಗ ಮೇಲಿನ ಹಂತದವರು ಬರುತ್ತಾರೆ, ಅಗತ್ಯ ಬಿದ್ದರೆ ಸೇನೆಯೂ ಬರುತ್ತದೆ.

ಹಂತ 4: ಅಣಕು ಕಾರ್ಯಾಚರಣೆ

ಕಡತದಲ್ಲಿ ಮಲಗಿದ ಯೋಜನೆ ಯಾರನ್ನೂ ಕಾಪಾಡದು. ಮುಖ್ಯ ಬಾಗಿಲು ಮುಚ್ಚಿದೆ, ಮುಖ್ಯಸ್ಥರು ರಜೆಯಲ್ಲಿದ್ದಾರೆ ಎಂದು ಭಾವಿಸಿಕೊಂಡು ಒಮ್ಮೆ ಅಭ್ಯಾಸ ಮಾಡಿ. ಆಗ ಹುಳುಕೆಲ್ಲ ಹೊರಬೀಳುತ್ತದೆ. ಎಲ್ಲರೂ ಬಂದು ಸೇರುವ ಜಾಗ ಮೊದಲೇ ಗೊತ್ತಿರಲಿ. ಮೊಬೈಲ್ ಜಾಲ ಕಿಕ್ಕಿರಿದಾಗ ಕರೆ ಹೋಗದಿದ್ದರೂ ಎಸ್‌ಎಂಎಸ್ ತಲುಪಬಹುದು.

ಹಂತ 5: ಆಪತ್ತಿನ ಹೊತ್ತು

ಮೊದಲು ಜೀವ, ಆಮೇಲೆ ಅಪಾಯ ಹಬ್ಬದಂತೆ ತಡೆ, ಕೊನೆಗೆ ಆಸ್ತಿ. ಗಾಯಾಳುಗಳ ವಿಷಯದಲ್ಲಿ ಜೋರಾಗಿ ಕೂಗುವವರ ಬಳಿಗೇ ಎಲ್ಲರೂ ಓಡುವುದು ಸಹಜ. ಕೂಗುವವರಿಗೆ ಉಸಿರಾದರೂ ಇದೆ. ಸದ್ದಿಲ್ಲದೆ ಬಿದ್ದವರನ್ನು ಮೊದಲು ನೋಡಿ.

ಹಂತ 6: ಚೇತರಿಕೆ

ಹಾನಿಯ ಫೋಟೊ ತೆಗೆದಿಡಿ. ಒದ್ದೆಯಾದ ವೈರಿಂಗ್ ಅನ್ನು ತಜ್ಞರು ಪರೀಕ್ಷಿಸುವವರೆಗೆ ವಿದ್ಯುತ್ ಹರಿಸಬೇಡಿ. ನಿದ್ದೆಗೆಟ್ಟು ಬೆಚ್ಚಿಬೀಳುವವರಿಗೆ ತಿಂಗಳುಗಳ ಕಾಲ ಆಸರೆ ಬೇಕಾದೀತು. ಯಾವುದು ಕೈಕೊಟ್ಟಿತು ಎಂಬುದನ್ನು ಎಲ್ಲರ ನೆನಪು ಹಸಿಯಾಗಿರುವಾಗಲೇ ಬರೆದು ಯೋಜನೆಯನ್ನು ತಿದ್ದಿ. ಬಿಟ್ಟುಹೋದವರ ಹೆಸರು ತೆಗೆದು ಹೊಸಬರ ಹೆಸರು, ಫೋನ್ ಸಂಖ್ಯೆ ಸೇರಿಸಿ, ಕೆಳಗೆ ದಿನಾಂಕ ಹಾಕಿ.